ಮನೆಮಂದಿಯ ಫೋಟೋ: ತೆಗೆಯುವ ಬಗೆ, ಉಳಿಸುವ ಬಗೆ



ಮನೆಯ ಹಿರಿಯರೊಬ್ಬರು ತೀರಿಕೊಂಡು ತಿಥಿಯ ದಿನ ಹತ್ತಿರವಾಗುತ್ತಿದ್ದಂತೆ ಮನೆಯಲ್ಲಿ ಒಂದು ಹುಡುಕಾಟ ಶುರುವಾಗುತ್ತದೆ. ಗೋಡೆಗೆ ತೂಗುಹಾಕಲು, ಹಾರ ಹಾಕಲು ಅವರದೊಂದು ಫೋಟೋ ಬೇಕು. ಬೀರು, ಟ್ರಂಕು ಎಲ್ಲವನ್ನೂ ಜಾಲಾಡಿದರೂ ಎಷ್ಟೋ ಮನೆಗಳಲ್ಲಿ ಸಿಗುವುದು ಪಡಿತರ ಚೀಟಿಯದೋ ಮತದಾರರ ಗುರುತಿನ ಚೀಟಿಯದೋ ಒಂದು ಮಸುಕಾದ ಚಿತ್ರ. ಅದನ್ನೇ ಸ್ಟುಡಿಯೋಗೆ ಒಯ್ದು ದೊಡ್ಡದು ಮಾಡಿಸಿ, ಹಿಂದೆ ನೀಲಿ ಬಣ್ಣ ತುಂಬಿಸಿ, ಕಟ್ಟು ಹಾಕಿಸುತ್ತೇವೆ. ಮೂವತ್ತು ನಲವತ್ತು ವರ್ಷ ದಿನಕ್ಕೆ ಎರಡು ಹೊತ್ತು ಹಾಲು ಕರೆದು ಮನೆ ನಡೆಸಿದ ತಾಯಿಯ ಮುಖ ಆ ಚಿತ್ರದಲ್ಲಿ ಆಕೆಯ ಮೊಮ್ಮಕ್ಕಳಿಗೆ ಗುರುತೇ ಸಿಗುವುದಿಲ್ಲ.

ಅದೇ ಮನೆಯ ಮೊಬೈಲುಗಳಲ್ಲಿ ಸಾವಿರಾರು ಫೋಟೋಗಳಿರುತ್ತವೆ. ಹೊಸ ಬೈಕಿನದಿರುತ್ತದೆ, ಮದುವೆ ಊಟದ ಎಲೆಯದಿರುತ್ತದೆ, ಮಕ್ಕಳ ಹುಟ್ಟುಹಬ್ಬದ ಕೇಕಿನದಿರುತ್ತದೆ. ಅಜ್ಜಿ ಇದ್ದರೂ ಗುಂಪಿನ ಕೊನೆಯಲ್ಲಿ, ಅರ್ಧ ಮುಖ, ಕಣ್ಣು ಮುಚ್ಚಿಕೊಂಡು ಇರುತ್ತಾರೆ. ಕ್ಯಾಮೆರಾ ಈಗ ಪ್ರತಿಯೊಬ್ಬರ ಜೇಬಿನಲ್ಲಿದೆ. ಬೇಕಾಗಿರುವುದು ಸ್ವಲ್ಪ ತಿಳಿವಳಿಕೆ, ಸ್ವಲ್ಪ ಗಮನ. ಮನೆಯ ಪ್ರತಿಯೊಬ್ಬರದೂ ಒಂದು ಒಳ್ಳೆಯ ಚಿತ್ರ ತೆಗೆಯುವುದು ಹೇಗೆ, ತೆಗೆದದ್ದನ್ನು ಮೊಮ್ಮಕ್ಕಳ ಕಾಲದವರೆಗೆ ಉಳಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ. ಹೈನುಗಾರರಾದ ನಮಗೆ ರಾಸುಗಳ ಫೋಟೋ ಕೂಡ ಮುಖ್ಯ. ಅದನ್ನೂ ಇಲ್ಲಿಯೇ ನೋಡೋಣ.

ಒಂದೊಂದು ಚಿತ್ರಕ್ಕೂ ಲೆಕ್ಕವಿದ್ದ ಕಾಲ

ನಮ್ಮ ಭಾಗಕ್ಕೂ ಕ್ಯಾಮೆರಾಕ್ಕೂ ಹಳೆಯ ನಂಟು. 1809ರಲ್ಲಿ ಬ್ರಿಟಿಷರ ಸೈನ್ಯ ಬೆಂಗಳೂರಿನಲ್ಲಿ ನೆಲೆಯೂರಿ, ಹಲಸೂರಿನ ಪಕ್ಕದಲ್ಲಿ ದಂಡು ಪ್ರದೇಶ ಬೆಳೆಯಿತು. ಮದರಾಸು ಸೈನ್ಯದ ಅಧಿಕಾರಿಯಾಗಿ ಬೆಂಗಳೂರಿನಲ್ಲಿದ್ದ ಲಿನಿಯಸ್ ಟ್ರೈಪ್ ಎಂಬವರು 1854ರಲ್ಲಿ ಬೇಲೂರು, ಹಳೇಬೀಡುಗಳಿಗೆ ಹೋಗಿ ಅಲ್ಲಿನ ದೇವಾಲಯಗಳ ಚಿತ್ರಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದರು. ನೂರ ಎಪ್ಪತ್ತು ವರ್ಷ ದಾಟಿದರೂ ಆ ಚಿತ್ರಗಳು ಇಂದಿಗೂ ಉಳಿದಿವೆ. ಒಳ್ಳೆಯ ಕಾಗದದ ಮೇಲೆ ಮೂಡಿದ ಚಿತ್ರವನ್ನು ಜೋಪಾನವಾಗಿಟ್ಟರೆ ಅದು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆಮೇಲೆ ದಂಡು ಪ್ರದೇಶದಲ್ಲಿ ಸ್ಟುಡಿಯೋಗಳು ಬಂದವು. 1910ರಲ್ಲಿ ಆರಂಭವಾದ ಜಿ.ಕೆ. ವೇಲ್ ಸ್ಟುಡಿಯೋದ ಹೆಸರು ಹಳಬರಿಗೆಲ್ಲ ಗೊತ್ತು. ಮದುವೆಯಾದ ಹೊಸದರಲ್ಲಿ ಜೋಡಿಯಾಗಿ ಸ್ಟುಡಿಯೋಗೆ ಹೋಗಿ, ಬಣ್ಣ ಬಳಿದ ಪರದೆಯ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವುದು ಆಗಿನ ರೂಢಿ. ಮುಂದೆ ಮನೆಗಳಿಗೂ ಕ್ಯಾಮೆರಾ ಬಂತು. ನಮ್ಮ ದೇಶದಲ್ಲಿಯೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲಂ ಆಗ ಹೆಸರುವಾಸಿಯಾಗಿತ್ತು. ಫಿಲಂ, ತೊಳೆಸುವುದು, ಪ್ರಿಂಟು ಎಲ್ಲಕ್ಕೂ ದುಡ್ಡು. ಆದ್ದರಿಂದ ಜನ ಬೆಳಕು ನೋಡಿ, ತಲೆ ಬಾಚಿಸಿ, ನೆಟ್ಟಗೆ ನಿಲ್ಲಿಸಿ ಆಮೇಲೆ ಗುಂಡಿ ಒತ್ತುತ್ತಿದ್ದರು. ಕೊನೆಗೆ ಕೈಗೆ ಒಂದು ಕಾಗದ ಬರುತ್ತಿತ್ತು.

ಈಗ ಗುಂಡಿ ಒತ್ತಲು ಖರ್ಚಿಲ್ಲ. ಆದರೆ ಆ ಗಮನವೂ ಆ ಕಾಗದವೂ ಕೈಬಿಟ್ಟು ಹೋಗಿವೆ. ಅವೆರಡನ್ನೂ ಮರಳಿ ತರುವುದೇ ಒಳ್ಳೆಯ ಫೋಟೋದ ಗುಟ್ಟು.

ಡೇರಿಗೆ ಹಾಲು ಹಾಕಿ ಬಂದ ಹೊತ್ತು

ಫೋಟೋಗೆ ಮೊದಲು ಬೇಕಾದದ್ದು ಬೆಳಕು. ಮೊಬೈಲು ಎಷ್ಟೇ ಬೆಲೆಬಾಳುವುದಾದರೂ ಬೆಳಕು ಸರಿಯಿಲ್ಲದಿದ್ದರೆ ಚಿತ್ರ ಚೆನ್ನಾಗಿ ಬರುವುದಿಲ್ಲ.

ನಮ್ಮ ಮನೆಗಳಲ್ಲಿ ಒಳ್ಳೆಯ ಬೆಳಕಿನ ಹೊತ್ತು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲಿನ ಒಂದೆರಡು ಗಂಟೆ. ಸಂಜೆಯಾದರೆ ಹೊತ್ತು ಮುಳುಗುವ ಮುಂಚಿನ ಒಂದು ಗಂಟೆ. ಆಗ ಬಿಸಿಲು ಓರೆಯಾಗಿ, ಮೃದುವಾಗಿ ಬೀಳುತ್ತದೆ. ಮುಖದ ಗೆರೆ, ಕಣ್ಣಿನ ಹೊಳಪು, ಸೀರೆಯ ಬಣ್ಣ ಎಲ್ಲ ಸಹಜವಾಗಿ ಕಾಣುತ್ತವೆ.

ನಡುಹಗಲಿನಲ್ಲಿ ಬಯಲಲ್ಲಿ ನಿಲ್ಲಿಸಿ ಫೋಟೋ ತೆಗೆಯಬಾರದು. ಇದಕ್ಕೆ ಕಾರಣ ತಿಳಿದುಕೊಳ್ಳುವುದು ಒಳ್ಳೆಯದು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಅಂದು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಉಳಿದ ದಿನಗಳಲ್ಲೂ, ಅದರಲ್ಲೂ ಬೇಸಿಗೆಯಲ್ಲಿ, ನಡುಹಗಲ ಬಿಸಿಲು ಹೆಚ್ಚುಕಡಿಮೆ ಮೇಲಿಂದಲೇ ಬೀಳುತ್ತದೆ. ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ ಬಿದ್ದು, ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿಗಳು ಕಾಣುತ್ತವೆ.

ಮಧ್ಯಾಹ್ನವೇ ತೆಗೆಯಬೇಕಾಗಿ ಬಂದರೆ ಜಗಲಿಯ ಮೇಲೆ, ಚಪ್ಪರದ ಕೆಳಗೆ ಅಥವಾ ದೊಡ್ಡ ಮರದ ಒತ್ತಾದ ನೆರಳಿನಲ್ಲಿ ಕೂರಿಸಿ. ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಇರಬಾರದು. ಮೋಡ ಕವಿದ ದಿನ ಫೋಟೋಗೆ ಆಗದು ಎಂಬುದು ತಪ್ಪು ಕಲ್ಪನೆ. ತೆಳು ಮೋಡದ ದಿನ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುವುದರಿಂದ ಮುಖದ ಚಿತ್ರಕ್ಕೆ ಅದು ಬಹಳ ಅನುಕೂಲ.

ಮನೆಯೊಳಗಾದರೆ ಬಾಗಿಲು ಅಥವಾ ಕಿಟಕಿಯ ಹತ್ತಿರ ಕೂರಿಸಿ, ಮುಖವನ್ನು ಬೆಳಕಿನ ಕಡೆಗೆ ಸ್ವಲ್ಪ ಓರೆಯಾಗಿ ತಿರುಗಿಸಿ. ಬಾಗಿಲಿಗೆ ಬೆನ್ನು ಮಾಡಿ ನಿಂತವರ ಫೋಟೋ ತೆಗೆದರೆ ಹೊರಗಿನ ಬಯಲು ಬೆಳ್ಳಗೆ, ಮುಖ ಕಪ್ಪಗೆ ಬರುತ್ತದೆ. ನಮ್ಮ ಮನೆಗಳ ಫೋಟೋಗಳಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷ ಇದೇ.

ಮೊಬೈಲು ಹಿಡಿಯುವ ಕ್ರಮ

1. ಮೊದಲು ಮೊಬೈಲಿನ ಹಿಂಬದಿಯ ಗಾಜನ್ನು ಒರೆಸಿ. ಹಾಲು, ಎಣ್ಣೆ, ಹಿಂಡಿ ಮುಟ್ಟಿದ ಕೈಯ ಜಿಡ್ಡು ಅಲ್ಲಿ ಅಂಟಿರುತ್ತದೆ. ಚಿತ್ರ ಮಂಜು ಕವಿದಂತೆ ಬರಲು ಬಹಳ ಸಲ ಇದೇ ಕಾರಣ. ಹಳೆಯ ಮೆತ್ತನೆಯ ಹತ್ತಿ ಬಟ್ಟೆ ಸಾಕು.

2. ಎರಡು ಕೈಯಲ್ಲಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ಗುಂಡಿ ಒತ್ತಿ. ಬೆಳಕು ಕಡಿಮೆಯಿದ್ದಾಗ ಕಂಬಕ್ಕೋ ಗೋಡೆಗೋ ಒರಗಿ ನಿಲ್ಲಿ.

3. ಪರದೆಯ ಮೇಲೆ ಕಾಣುವ ಮುಖವನ್ನು ಒಮ್ಮೆ ಬೆರಳಿನಿಂದ ಮುಟ್ಟಿ. ಆಗ ಮೊಬೈಲು ಆ ಮುಖವನ್ನೇ ಸ್ಪಷ್ಟಗೊಳಿಸಿ, ಅದಕ್ಕೆ ತಕ್ಕ ಬೆಳಕನ್ನು ಹೊಂದಿಸುತ್ತದೆ. ಇನ್ನೂ ಕಪ್ಪಾಗಿ ಕಂಡರೆ, ಬಹುತೇಕ ಮೊಬೈಲುಗಳಲ್ಲಿ ಅಲ್ಲಿಯೇ ಬರುವ ಸೂರ್ಯನ ಗುರುತನ್ನು ಬೆರಳಿನಿಂದ ಎಳೆದು ಬೆಳಕು ಹೆಚ್ಚಿಸಬಹುದು.

4. ಬೆರಳಿನಿಂದ ಹಿಗ್ಗಿಸಿ ದೂರದವರನ್ನು ಹತ್ತಿರ ತರುವ ಬದಲು ನೀವೇ ನಾಲ್ಕು ಹೆಜ್ಜೆ ಮುಂದೆ ಹೋಗಿ. ಹಾಗೆಂದು ಮುಖಕ್ಕೆ ತೀರಾ ಹತ್ತಿರವೂ ಹಿಡಿಯಬಾರದು. ಒಂದೆರಡು ಅಡಿಯಿಂದ ತೆಗೆದರೆ ಮೂಗು ದಪ್ಪಗೆ, ಕಿವಿ ಸಣ್ಣಗೆ ಬರುತ್ತವೆ. ಮುಖದ ಚಿತ್ರಕ್ಕೆ ಐದಾರು ಅಡಿ ದೂರ ಸರಿಯಾದದ್ದು.

5. ಕ್ಯಾಮೆರಾ ಇರಬೇಕಾದದ್ದು ಚಿತ್ರದಲ್ಲಿರುವವರ ಕಣ್ಣಿನ ಎತ್ತರಕ್ಕೆ. ಮಕ್ಕಳ ಫೋಟೋ ತೆಗೆಯುವಾಗ ನೀವು ಕುಕ್ಕರುಗಾಲಲ್ಲಿ ಕೂರಿ. ನಿಂತು ಮೇಲಿಂದ ತೆಗೆದರೆ ಮಗುವಿನ ತಲೆ ದೊಡ್ಡದಾಗಿ, ಕಾಲು ಮೊಟಕಾಗಿ ಕಾಣುತ್ತದೆ.

6. ಗುಂಡಿ ಒತ್ತುವ ಮುಂಚೆ ಹಿಂದೆ ಏನಿದೆ ನೋಡಿ. ತಲೆಯ ಮೇಲೆ ವಿದ್ಯುತ್ ಕಂಬ ಮೂಡಿದಂತೆ, ಕಿವಿಯಿಂದ ತಂತಿ ಹೊರಟಂತೆ ಬರಬಾರದು. ಒಗೆದ ಬಟ್ಟೆ, ಪ್ಲಾಸ್ಟಿಕ್ ಬಕೆಟ್ ಪಕ್ಕಕ್ಕಿಡಲು ಒಂದು ನಿಮಿಷ ಸಾಕು.

ಹಿರಿಯರ ಚಿತ್ರ

ಹಿರಿಯರು, ಅದರಲ್ಲೂ ಹೆಂಗಸರು, "ನನಗ್ಯಾಕಪ್ಪ ಈ ವಯಸ್ಸಲ್ಲಿ ಫೋಟೋ" ಎಂದು ಒಳಗೆ ಹೋಗಿಬಿಡುತ್ತಾರೆ. ಬಲವಂತ ಮಾಡಬಾರದು, ಹಾಗೆಂದು ಬಿಟ್ಟೂ ಬಿಡಬಾರದು. ತಿಥಿಯ ಫೋಟೋಗೆಂದು ಯಾರೂ ಕೂರುವುದಿಲ್ಲ, ಕೂರಿಸುವುದೂ ಸಲ್ಲ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿ, ಹಬ್ಬದ ದಿನ ಒಳ್ಳೆಯ ಸೀರೆ ಉಟ್ಟಾಗ, ಮಾತಾಡಿಸುತ್ತಾ ತೆಗೆಯಿರಿ. ಮೊದಲ ಎರಡು ಮೂರು ಚಿತ್ರಗಳಲ್ಲಿ ಮುಖ ಬಿಗಿಯಾಗಿಯೇ ಇರುತ್ತದೆ. ಹಳೆಯ ಹಸುವಿನ ಮಾತೋ ತವರೂರಿನ ಜಾತ್ರೆಯ ಮಾತೋ ತೆಗೆದರೆ ಮುಖ ಅರಳುತ್ತದೆ. ನಿಮಗೆ ಬೇಕಾದದ್ದು ಆ ಕ್ಷಣ.

ಒಬ್ಬೊಬ್ಬರದೂ ಮೂರು ಬಗೆಯ ಚಿತ್ರ ಇರಲಿ. ಒಂದು, ಎದೆಯ ಮಟ್ಟದವರೆಗಿನ ಮುಖದ ಚಿತ್ರ. ಎರಡು, ಪಾದದವರೆಗೆ ಪೂರ್ತಿ ನಿಂತದ್ದು. ಮೂರು, ಅವರು ದಿನವೂ ಮಾಡುವ ಕೆಲಸದಲ್ಲಿ ತೊಡಗಿರುವಾಗಿನದು. ಹಾಲು ಕರೆಯುವುದು, ಮೇವು ಹಾಕುವುದು, ರಾಗಿ ಕೇರುವುದು, ಕ್ಯಾನು ಹಿಡಿದು ಸಂಘದ ಕಡೆ ನಡೆಯುವುದು, ಯಾವುದಾದರೂ ಸರಿ. ಮುಂದೆ ಮಕ್ಕಳು ಅತಿ ಹೆಚ್ಚು ನೋಡುವುದು ಈ ಮೂರನೆಯದನ್ನೇ. ಕೈಗಳೂ ಚಿತ್ರದೊಳಗೆ ಬರಲಿ. ದುಡಿದ ಕೈ ಮುಖದಷ್ಟೇ ಮಾತಾಡುತ್ತದೆ.

ಕನ್ನಡಕ ಹಾಕುವವರಿದ್ದರೆ ಅದನ್ನು ತೆಗೆಸಬೇಡಿ. ದಿನವೂ ಹೇಗಿರುತ್ತಾರೋ ಹಾಗೆಯೇ ಇರಲಿ. ಗಾಜಿನಲ್ಲಿ ಕಿಟಕಿಯ ಬಿಳುಪು ಹೊಳೆದರೆ ಗದ್ದವನ್ನು ಸ್ವಲ್ಪ ಕೆಳಗಿಳಿಸಲು ಹೇಳಿ. ಮೊಬೈಲಿನಲ್ಲಿ ಮುಖವನ್ನು ಬೆಳ್ಳಗೆ, ನುಣ್ಣಗೆ ಮಾಡುವ ಸೌಲಭ್ಯ ಇದ್ದರೆ ಅದನ್ನು ಆರಿಸಿಡಿ. ಮೊಮ್ಮಕ್ಕಳಿಗೆ ಬೇಕಾದದ್ದು ಅಜ್ಜಿಯ ನಿಜವಾದ ಮುಖ.

ಮನೆಯಲ್ಲಿ ಯಾವಾಗಲೂ ಫೋಟೋ ತೆಗೆಯುವವರು ಯಾವ ಚಿತ್ರದಲ್ಲಿಯೂ ಇರುವುದಿಲ್ಲ ಎಂಬುದನ್ನೂ ಮರೆಯಬೇಡಿ. ಒಮ್ಮೆ ಮೊಬೈಲನ್ನು ಮಕ್ಕಳ ಕೈಗೆ ಕೊಟ್ಟು ನೀವೂ ಪಕ್ಕದಲ್ಲಿ ನಿಲ್ಲಿ.

ಗುಂಪು, ಹಬ್ಬ, ಜಾತ್ರೆ

ಗುಂಪಿನ ಫೋಟೋದಲ್ಲಿ ಹಿರಿಯರು ನಡುವೆ ಕುರ್ಚಿಯಲ್ಲಿ, ಮಕ್ಕಳು ಮುಂದೆ ನೆಲದ ಮೇಲೆ, ಎತ್ತರದವರು ಹಿಂದೆ ಇರಬೇಕು. ಎಲ್ಲರ ಮುಖವೂ ನೆರಳಿನಲ್ಲಿರಲಿ ಅಥವಾ ಎಲ್ಲರ ಮುಖವೂ ಬೆಳಕಿನಲ್ಲಿರಲಿ. ಅರ್ಧ ಸಾಲು ಬಿಸಿಲಿನಲ್ಲಿ, ಅರ್ಧ ನೆರಳಿನಲ್ಲಿದ್ದರೆ ಚಿತ್ರ ಕೆಡುತ್ತದೆ. ಹತ್ತು ಜನರಿದ್ದರೆ ಒಬ್ಬರಾದರೂ ಕಣ್ಣು ಮುಚ್ಚುತ್ತಾರೆ. ಆದ್ದರಿಂದ "ಒಂದು, ಎರಡು, ಮೂರು" ಎಂದು ಎಣಿಸಿ, ಯಾರನ್ನೂ ಕದಲಿಸದೆ ಐದಾರು ಚಿತ್ರ ತೆಗೆಯಿರಿ. ಎಲ್ಲರ ಕಣ್ಣೂ ತೆರೆದಿರುವ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಅಳಿಸಿ.

ರಾತ್ರಿಯ ಉತ್ಸವಗಳದು ಬೇರೆ ಲೆಕ್ಕ. ಹಲಸೂರಿನಲ್ಲಿ ಸಾಲುಸಾಲಾಗಿ ಬರುವ ಹೂವಿನ ಪಲ್ಲಕ್ಕಿಗಳನ್ನೋ, ಶಿವಾಜಿನಗರದ ಸೇಂಟ್ ಮೇರಿ ಚರ್ಚಿನಲ್ಲಿ ಸೆಪ್ಟೆಂಬರ್ 8ರ ಹಬ್ಬದ ತೇರನ್ನೋ ನೋಡಲು ಹೋದಾಗ ಜನ ಕತ್ತಲಲ್ಲಿ ದೂರದಿಂದ ಫ್ಲಾಷ್ ಹಾಕಿ ತೆಗೆಯುತ್ತಾರೆ. ಮೊಬೈಲಿನ ಫ್ಲಾಷ್ ಬೆಳಕು ಆರೇಳು ಅಡಿ ದಾಟಿದರೆ ಕೆಲಸಕ್ಕೆ ಬಾರದು. ಮುಂದೆ ನಿಂತವರ ತಲೆ ಬೆಳ್ಳಗೆ, ತೇರು ಕಪ್ಪಗೆ ಬರುತ್ತದೆ. ಫ್ಲಾಷ್ ಆರಿಸಿ, ದೀಪಾಲಂಕಾರದ ಬೆಳಕೇ ಮುಖದ ಮೇಲೆ ಬೀಳುವಂತೆ ಮನೆಯವರನ್ನು ನಿಲ್ಲಿಸಿ. ಪಲ್ಲಕ್ಕಿ ಅಥವಾ ತೇರು ಒಂದು ಗಳಿಗೆ ನಿಂತಾಗ ಗುಂಡಿ ಒತ್ತಿ. ಚಲಿಸುತ್ತಿರುವಾಗ ತೆಗೆದರೆ ದೀಪಗಳೆಲ್ಲ ಗೆರೆಗಳಾಗಿ ಬರುತ್ತವೆ.

ಗರ್ಭಗುಡಿಯಲ್ಲಿ, ಪ್ರಾರ್ಥನೆ ನಡೆಯುವ ಜಾಗದಲ್ಲಿ ಅಪ್ಪಣೆಯಿಲ್ಲದೆ ಫೋಟೋ ತೆಗೆಯಬಾರದು. ರಸೆಲ್ ಮಾರ್ಕೆಟ್ಟಿನಂಥ ಕಡೆ ಅಂಗಡಿಯವರ ಚಿತ್ರ ತೆಗೆಯುವುದಿದ್ದರೆ ಮೊದಲು ಒಂದು ಮಾತು ಕೇಳಿ. ಕೇಳಿದರೆ ಬಹಳ ಜನ ನಕ್ಕು ಒಪ್ಪುತ್ತಾರೆ. ಹಲಸೂರು ಕೆರೆಯ ಆಸುಪಾಸಿನಲ್ಲಿ ಸೈನ್ಯಕ್ಕೆ ಸೇರಿದ ಜಾಗಗಳಿವೆ. ಸೈನ್ಯದ ಗೇಟು, ಕಟ್ಟಡಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಹಿನ್ನೆಲೆಯೂ ಒಂದು ದಾಖಲೆ

ನಮ್ಮ ಪೂರ್ವ ಭಾಗ ಬದಲಾದಷ್ಟು ಬೇಗ ಬದಲಾದ ಊರು ಕಡಿಮೆ. ಇಂದಿರಾನಗರ ಒಂದು ಕಾಲಕ್ಕೆ ಬಿನ್ನಮಂಗಲದಂಥ ಹಳ್ಳಿಗಳ ಹೊಲ. ಕೃಷ್ಣರಾಜಪುರ 2007ರವರೆಗೂ ತನ್ನದೇ ನಗರಸಭೆಯಿದ್ದ ಊರು. ಆ ವರ್ಷ ಅದು ಮಹಾನಗರಕ್ಕೆ ಸೇರಿತು. ಮಹಾತ್ಮ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗಿನ ಮೆಟ್ರೋ 2011ರ ಅಕ್ಟೋಬರ್ 20ರಂದು ಶುರುವಾಯಿತು. 2023ರ ಅಕ್ಟೋಬರ್‌ನಲ್ಲಿ ಆ ಮಾರ್ಗ ಕೃಷ್ಣರಾಜಪುರಕ್ಕೂ ಕೂಡಿಕೊಂಡಿತು. ಪ್ರತಿ ಬದಲಾವಣೆಯಲ್ಲಿಯೂ ಯಾವುದೋ ಹುಣಸೆಮರ, ಯಾವುದೋ ಬಾವಿ, ಯಾವುದೋ ಕೊಟ್ಟಿಗೆ ಹೋಗಿದೆ.

ಆದ್ದರಿಂದ ಮನೆಯವರ ಫೋಟೋ ತೆಗೆಯುವಾಗ ಎಲ್ಲವನ್ನೂ ಬಣ್ಣದ ಗೋಡೆಯ ಮುಂದೆಯೇ ತೆಗೆಯಬೇಡಿ. ಒಂದನ್ನು ಹಳೆಯ ಮನೆಯ ಬಾಗಿಲ ಮುಂದೆ, ಒಂದನ್ನು ಕೊಟ್ಟಿಗೆಯ ಮುಂದೆ, ಒಂದನ್ನು ಹೊಲದ ಬದುವಿನ ಮೇಲೆ, ಒಂದನ್ನು ನಿಮ್ಮ ಹಾಲು ಸಂಘದ ಕಟ್ಟಡದ ಮುಂದೆ ತೆಗೆಯಿರಿ. ಹತ್ತು ವರ್ಷ ಕಳೆದ ಮೇಲೆ ಮಕ್ಕಳು "ನಮ್ಮ ಹೊಲ ಎಲ್ಲಿತ್ತು?" ಎಂದು ಕೇಳಿದರೆ ಕೈಯಲ್ಲಿ ತೋರಿಸಲು ಏನಾದರೂ ಇರುತ್ತದೆ.

ರಾಸುಗಳ ಫೋಟೋ

ಜಾನುವಾರು ವಿಮೆ ಮಾಡಿಸುವಾಗ ಪಶುವೈದ್ಯರ ಪ್ರಮಾಣಪತ್ರ, ಕಿವಿಯೋಲೆಯ ಸಂಖ್ಯೆಗಳ ಜೊತೆಗೆ ರಾಸಿನ ಫೋಟೋ ಕೇಳುವುದುಂಟು. ಆತುರದಲ್ಲಿ ತೆಗೆದ ಚಿತ್ರದಲ್ಲಿ ಹಸು ಯಾವುದು, ಓಲೆ ಎಲ್ಲಿದೆ ಎಂಬುದೇ ತಿಳಿಯದಿದ್ದರೆ ಮುಂದೆ ತೊಂದರೆ. ಪ್ರತಿ ರಾಸಿಗೂ ಈ ನಾಲ್ಕು ಚಿತ್ರಗಳನ್ನು ತೆಗೆದಿಡಿ.

1. ಎಡಮಗ್ಗುಲು ಪೂರ್ತಿ, ಕೊಂಬಿನಿಂದ ಬಾಲದವರೆಗೆ, ನಾಲ್ಕೂ ಗೊರಸು ಕಾಣುವಂತೆ.

2. ಬಲಮಗ್ಗುಲು ಅದೇ ರೀತಿ. ಎಚ್.ಎಫ್. ಮಿಶ್ರತಳಿಯ ಕಪ್ಪು-ಬಿಳಿ ಮಚ್ಚೆಗಳು ಎರಡು ಮಗ್ಗುಲಲ್ಲಿ ಬೇರೆ ಬೇರೆಯಾಗಿರುತ್ತವೆ.

3. ಮುಖ ಎದುರಿನಿಂದ, ಮೂತಿಯ ಗೆರೆಗಳು ಸ್ಪಷ್ಟವಾಗಿ ಕಾಣುವಂತೆ. ನಮ್ಮ ಬೆರಳಚ್ಚಿನಂತೆ ಒಂದು ರಾಸಿನ ಮೂತಿಯ ಗೆರೆ ಇನ್ನೊಂದಕ್ಕಿರುವುದಿಲ್ಲ. ಮೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆಯಿಂದ ಒರೆಸಿ ತೆಗೆಯಿರಿ.

4. ಕಿವಿಯೋಲೆ ಹತ್ತಿರದಿಂದ, ಹನ್ನೆರಡು ಅಂಕಿಗಳನ್ನೂ ಓದಲು ಬರುವಂತೆ.

ಕ್ಯಾಮೆರಾ ರಾಸಿನ ಹೊಟ್ಟೆಯ ಎತ್ತರಕ್ಕಿರಲಿ. ಕಪ್ಪು ಹಸುವಾದರೆ ಬಿಸಿಲಿನ ಬದಲು ತಿಳಿಬೆಳಕಿನ ನೆರಳಿನಲ್ಲಿ ತೆಗೆಯಿರಿ. ಕತ್ತಲ ಕೊಟ್ಟಿಗೆಯಲ್ಲಿ ರಾಸಿನ ಕಣ್ಣಿಗೆ ಫ್ಲಾಷ್ ಹಾಕಬೇಡಿ. ಬೆದರಿ ಒದೆಯಬಹುದು, ಹಗ್ಗ ಕಿತ್ತುಕೊಳ್ಳಬಹುದು. ಪರಿಚಯದವರು ಒಬ್ಬರು ಹಗ್ಗ ಹಿಡಿದು ನಿಲ್ಲಲಿ.

ಓಲೆಯಿಲ್ಲದಿದ್ದರೆ ಪರಿಹಾರವಿಲ್ಲ ಎಂಬುದು ಜಾನುವಾರು ವಿಮೆಯಲ್ಲಿ ಸಾಮಾನ್ಯವಾದ ಷರತ್ತು. ಫೋಟೋ ಇದೆಯೆಂದು ಓಲೆಯನ್ನು ಅಲಕ್ಷ್ಯ ಮಾಡಬೇಡಿ. ಓಲೆ ಕಳೆದುಹೋದರೆ ಕೂಡಲೇ ಸಂಘದ ಕಾರ್ಯದರ್ಶಿಗೂ ವಿಮೆಯವರಿಗೂ ತಿಳಿಸಿ, ಹೊಸ ಓಲೆ ಹಾಕಿಸಿ, ಆ ಓಲೆಯೊಂದಿಗೆ ಹೊಸ ಫೋಟೋ ತೆಗೆದಿಡಿ.

ರಾಸಿನ ಮೈಮೇಲೆ ಗಂಟು, ಗಾಯ, ಕೆಚ್ಚಲಿನ ಬಾವು ಕಂಡಾಗ ಫೋಟೋ ತೆಗೆದು ಪಶುವೈದ್ಯರಿಗೆ ಕಳಿಸುವ ರೂಢಿ ಈಗ ಬಂದಿದೆ. ಇದು ಒಳ್ಳೆಯದೇ. ಗಂಟಿನ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ತೆಗೆದರೆ ಅದರ ಅಳತೆ ತಿಳಿಯುತ್ತದೆ. ಒಂದು ಚಿತ್ರ ಹತ್ತಿರದಿಂದ, ಇನ್ನೊಂದು ಪೂರ್ತಿ ರಾಸು ಕಾಣುವಂತೆ ಇರಲಿ. ಆದರೆ ಫೋಟೋ ನೋಡಿ ಅಂಗಡಿಯಿಂದ ಔಷಧಿ ತಂದು ಹಾಕುವುದು ಬೇಡ. ವೈದ್ಯರು ಕಣ್ಣಾರೆ ನೋಡಿ ಮಾಡುವ ಪರೀಕ್ಷೆಗೆ ಬದಲಿಲ್ಲ.

ಹಳೆಯ ಫೋಟೋಗಳ ರಕ್ಷಣೆ

ಹಳೆಯ ಕಪ್ಪು-ಬಿಳುಪು ಫೋಟೋಗಳು ಬೆಳ್ಳಿಯ ಕಣಗಳಿಂದ ಮೂಡಿದವು, ಬಹುಕಾಲ ಬಾಳುತ್ತವೆ. ಅವುಗಳಿಗಿಂತ 1970-80ರ ದಶಕಗಳ ಬಣ್ಣದ ಫೋಟೋಗಳೇ ಬೇಗ ಕೆಡುತ್ತವೆ. ಅವುಗಳಲ್ಲಿನ ಬಣ್ಣಗಳು ಒಂದೇ ಸಮನೆ ಮಾಸುವುದಿಲ್ಲ. ಆಗಿನ ಮದುವೆ ಆಲ್ಬಂಗಳು ಕೆಂಪಗೆ ತಿರುಗಿರುವುದು ಇದರಿಂದಲೇ. ಇಂಥವನ್ನು ಮೊದಲು ಹೊರತೆಗೆದು ಪ್ರತಿ ಮಾಡಿಕೊಳ್ಳಿ.

ಪ್ರತಿ ಮಾಡಿಕೊಳ್ಳಲು ಮೊಬೈಲೇ ಸಾಕು. ಫೋಟೋವನ್ನು ಜಗಲಿಯ ನೆರಳಿನಲ್ಲಿ ಸಮತಟ್ಟಾದ ಹಲಗೆಯ ಮೇಲಿಟ್ಟು, ಮೊಬೈಲನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು, ಫ್ಲಾಷ್ ಇಲ್ಲದೆ ತೆಗೆಯಿರಿ. ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ. ಕಟ್ಟು ಹಾಕಿದ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಕಿತ್ತರೆ ಮುಖವೇ ಗಾಜಿಗೆ ಉಳಿಯುತ್ತದೆ. ಗಾಜಿನ ಮೇಲಿನಿಂದಲೇ, ಹೊಳಪು ಬಾರದಂತೆ ಸ್ವಲ್ಪ ಓರೆಯಾಗಿ ಪ್ರತಿ ತೆಗೆಯಿರಿ. ನೆಗೆಟಿವ್ ಪಟ್ಟಿಗಳಿದ್ದರೆ ಎಸೆಯಬೇಡಿ. ಅವುಗಳಿಂದ ಈಗಲೂ ಹೊಸ ಪ್ರಿಂಟು ಪಡೆಯಬಹುದು.

ಹರಿದ ಫೋಟೋಗೆ ಸೆಲೋಟೇಪ್ ಹಚ್ಚಬಾರದು, ಲ್ಯಾಮಿನೇಷನ್ ಮಾಡಿಸಬಾರದು. ಎರಡೂ ಕಾಲಕ್ರಮೇಣ ಹಳದಿಯಾಗುತ್ತವೆ, ಬಿಡಿಸಲು ಬರುವುದಿಲ್ಲ. ಅಂಟುಪುಟದ ಆಲ್ಬಂಗಳಿಂದಲೂ ಫೋಟೋಗಳಿಗೆ ಕೇಡು. ಅಂಥದ್ದರಿಂದ ಬಿಡಿಸುವಾಗ ಅಡಿಯಲ್ಲಿ ತೆಳುವಾದ ನೂಲನ್ನು ಅತ್ತಿತ್ತ ಎಳೆಯುತ್ತಾ ನಿಧಾನವಾಗಿ ಬಿಡಿಸಿ. ಮಳೆಗಾಲದ ತೇವದಿಂದ ಬೂಷ್ಟು ಬರುತ್ತದೆ. ನೆಲಕ್ಕೆ ತಾಗದಂತೆ, ಅಡುಗೆ ಹೊಗೆ ಬಾರದ ಒಣ ಜಾಗದಲ್ಲಿ, ಕಾಗದದ ಲಕೋಟೆಗಳಲ್ಲಿ ಇಡಿ.

ಹಳೆಯ ಫೋಟೋ ಯಾವ ಕಾಲದ್ದು ಎಂದು ತಿಳಿಯಬೇಕಾದರೆ ಹಿಂಬದಿ ನೋಡಿ. ಸ್ಟುಡಿಯೋದ ಮೊಹರಿನಲ್ಲಿ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬೆಂಗಳೂರು' ಎಂದಿದ್ದರೆ ಅದು ಬಹುಮಟ್ಟಿಗೆ 1947ಕ್ಕೆ ಹಿಂದಿನದು. ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ್ದು ಆ ವರ್ಷದ ಜುಲೈ ತಿಂಗಳಲ್ಲಿ. ವಿಳಾಸದಲ್ಲಿ ಹಲಸೂರಿಗೆ 560008, ಇಂದಿರಾನಗರಕ್ಕೆ 560038 ಎಂಬಂತೆ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ಈಚಿನದು. ಪಿನ್ ಕೋಡ್ ಬಂದದ್ದೇ ಅಂದಿನಿಂದ.

ಇನ್ನೊಂದು ಅವಸರದ ಕೆಲಸವಿದೆ. ಹಳೆಯ ಫೋಟೋದಲ್ಲಿರುವವರು ಯಾರೆಂದು ಹೇಳಬಲ್ಲವರು ಮನೆಯಲ್ಲಿ ಈಗ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಅವರು ಹೋದ ಮೇಲೆ ಆ ಫೋಟೋದವರೆಲ್ಲ ಅಪರಿಚಿತರು. ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು, ಯಾರು, ಯಾರ ಮಕ್ಕಳು, ಯಾವ ಊರು, ಯಾವ ಸಂದರ್ಭ ಎಂದು ಕೇಳಿ ಬರೆದುಕೊಳ್ಳಿ. ಹಳೆಯ ಕಾಗದದ ಫೋಟೋಗಳ ಹಿಂದೆ ಮೆದು ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಬಹುದು. ಬಾಲ್‌ಪೆನ್ ಒತ್ತಿ ಬರೆದರೆ ಮುಂದಿನ ಮುಖದ ಮೇಲೆ ಗೀರು ಮೂಡುತ್ತದೆ. ನುಣುಪಾದ ಬಣ್ಣದ ಪ್ರಿಂಟಿಗೆ ಪೆನ್ಸಿಲು ಹಿಡಿಯದು. ಅದಕ್ಕೆ ಬೇರೆ ಚೀಟಿಯಲ್ಲಿ ಬರೆದು ಒಂದೇ ಲಕೋಟೆಯಲ್ಲಿಡಿ.

ಹೊಸ ಫೋಟೋಗಳನ್ನು ಉಳಿಸುವುದು

ಮೊಬೈಲು ನೀರಿಗೆ ಬಿದ್ದರೆ, ಬಸ್ಸಿನಲ್ಲಿ ಕಳೆದರೆ, ಕೆಟ್ಟರೆ ಅದರೊಳಗಿನ ಐದಾರು ವರ್ಷದ ಚಿತ್ರಗಳೆಲ್ಲ ಒಂದೇ ದಿನ ಹೋಗಿಬಿಡುತ್ತವೆ. ಮುಖ್ಯವಾದ ಚಿತ್ರಗಳು ಮೂರು ಕಡೆ ಇರಲಿ: ಮೊಬೈಲಿನಲ್ಲಿ, ಕಂಪ್ಯೂಟರ್ ಅಥವಾ ಪೆನ್‌ಡ್ರೈವಿನಲ್ಲಿ, ಮತ್ತು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲೋ ಅಂತರ್ಜಾಲದ ಖಾತೆಯಲ್ಲೋ. ಪೆನ್‌ಡ್ರೈವನ್ನು ವರ್ಷಕ್ಕೊಮ್ಮೆ ತೆರೆದು ನೋಡಿ.

ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಕಳಿಸಿದ ಫೋಟೋ ಕುಗ್ಗಿ ಹೋಗಿರುತ್ತದೆ. ಪರದೆಯ ಮೇಲೆ ಚೆನ್ನಾಗಿ ಕಂಡರೂ ಗೋಡೆಯ ಅಳತೆಗೆ ಹಿಗ್ಗಿಸಿದಾಗ ಮುಖ ಮಸುಕಾಗುತ್ತದೆ. ಪ್ರಿಂಟಿಗೆ ಕೊಡುವಾಗ ಮೂಲ ಚಿತ್ರವನ್ನೇ ಕೊಡಿ, ಇಲ್ಲವೇ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿ. ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಫೋಟೋಗಳನ್ನು ಮಾತ್ರ ಗುಂಪುಗಳಿಗೆ ಯಾವ ಕಾರಣಕ್ಕೂ ಹಾಕಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಿಂಟು. ವರ್ಷಕ್ಕೆ ಹನ್ನೆರಡೇ ಚಿತ್ರ ಆರಿಸಿ, ನಾಲ್ಕು-ಆರು ಇಂಚಿನ ಅಳತೆಯಲ್ಲಿ ಪ್ರಿಂಟು ಹಾಕಿಸಿ, ಹೆಸರು, ದಿನಾಂಕ ಬರೆದಿಡಿ. ಹಳೆಯ ಕ್ಲಿಕ್-3ರ ಒಂದು ರೋಲಿನಷ್ಟೇ ಆಯಿತು. ಹತ್ತು ವರ್ಷಕ್ಕೆ ನೂರ ಇಪ್ಪತ್ತು ಚಿತ್ರಗಳ ಆಲ್ಬಂ ಮನೆಯಲ್ಲಿರುತ್ತದೆ.

ಮನೆಯ ಹುಡುಗರಿಗೆ ಈ ಹವ್ಯಾಸ ಹಿಡಿಸಿದರೆ ತಡೆಯಬೇಡಿ. ಬೆಂಗಳೂರಿನಲ್ಲಿ 1971ರಲ್ಲಿ ಹವ್ಯಾಸಿಗಳೇ ಸೇರಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಕಟ್ಟಿದರು. ವನ್ಯಜೀವಿಗಳ ಚಿತ್ರಗಳಿಂದ ಹೆಸರಾದ ಟಿ.ಎನ್.ಎ. ಪೆರುಮಾಳ್ (1932-2017) ಈ ಊರಿನಲ್ಲಿ ನೆಲೆಸಿದ್ದವರೇ. ಕಾಡಿಗೆ ಹೋಗುವ ಮುಂಚೆ ಕೊಟ್ಟಿಗೆಯ ಕರುವಿನ ಮೇಲೆ ಕೈ ಪಳಗಿಸಬಹುದು.

ಈ ತಿಂಗಳು ಮಾಡಬೇಕಾದ ಕೆಲಸಗಳು

* ಮನೆಯ ಪ್ರತಿ ಹಿರಿಯರದೂ ಬೆಳಗಿನ ಬೆಳಕಿನಲ್ಲಿ ಒಂದು ಒಳ್ಳೆಯ ಮುಖದ ಚಿತ್ರ, ಒಂದು ಕೆಲಸ ಮಾಡುತ್ತಿರುವ ಚಿತ್ರ ತೆಗೆಯಿರಿ.
* ಪ್ರತಿ ರಾಸಿನ ನಾಲ್ಕು ಚಿತ್ರ ತೆಗೆದು, ಕಿವಿಯೋಲೆಯ ಸಂಖ್ಯೆಯೊಂದಿಗೆ ಇಡಿ.
* ಹಳೆಯ ಫೋಟೋಗಳನ್ನು ಹೊರತೆಗೆದು, ಅದರಲ್ಲಿರುವವರ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ.
* ಆರಿಸಿದ ಚಿತ್ರಗಳನ್ನು ಪ್ರಿಂಟು ಹಾಕಿಸಿ, ಒಂದು ಪ್ರತಿಯನ್ನು ಅವರ ಕೈಗೇ ಕೊಡಿ.

ಕೊನೆಯ ಕೆಲಸವನ್ನು ಮರೆಯಬೇಡಿ. ತಮ್ಮ ಫೋಟೋವನ್ನು ತಾವೇ ಕೈಯಲ್ಲಿ ಹಿಡಿದು, ಕಣ್ಣಿನ ಹತ್ತಿರ ತಂದು ನೋಡಿ, "ನಾನು ಹಿಂಗಿದೀನಾ?" ಎಂದು ನಗುವ ಭಾಗ್ಯ ಎಷ್ಟೋ ತಾಯಂದಿರಿಗೆ ಸಿಕ್ಕಿಲ್ಲ. ಅದು ಅವರು ಇರುವಾಗಲೇ ಸಿಗಲಿ.